ಕೆಮಿಕಲ್ ಇಲ್ಲದ ಕ್ರೀಮು

‘ಕೆಮಿಕಲ್ ಇಲ್ಲ’ ಎಂದು ಡಬ್ಬಿಯ ಮೇಲೆ ಬರೆಯುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕಪಾಳಕ್ಕೆ ಬಾರಿಸಬೇಕು ಎಂದು ನಾನು ಎಷ್ಟೋ ಸಲ ಅಂದಿದ್ದೇನೆ. ಹಾಗೆ ಬಾರಿಸುವುದಾದರೆ ಮೊದಲ ಏಟು ನನ್ನ ಕೆನ್ನೆಗೇ ಬೀಳಬೇಕು. ನಮ್ಮ ಡಬ್ಬಿಯ ಮೇಲೆ ಅದನ್ನು ಬರೆದವಳು ನಾನೇ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳು, ಕುಡಿಯುವ ನೀರೂ ಒಂದು ಕೆಮಿಕಲ್ಲೇ ಎಂದು ಹತ್ತು ವರ್ಷ ಟ್ಯೂಷನ್ ಮಕ್ಕಳಿಗೆ ಹೇಳಿಕೊಟ್ಟವಳು, ಅಂಗಡಿಯ ಮಾಲೀಕ ಮುರುಗೇಶ್ ಕೇಳಿದನೆಂದು ಆ ಎರಡು ಪದವನ್ನು ದುಂಡಗೆ ಬರೆದುಕೊಟ್ಟೆ. ಆಗ ಕ್ರೀಮು ಚೆನ್ನಾಗಿಯೇ ಇತ್ತು. ಒಳಗಿರುವುದು ಒಳ್ಳೆಯದಾಗಿದ್ದರೆ ಮೇಲಿನ ಸುಳ್ಳು ಯಾರಿಗೆ ಏನು ಮಾಡೀತು ಎಂದುಕೊಂಡೆ. ಏನು ಮಾಡುತ್ತದೆ ಎಂಬುದನ್ನು ಈಗ ಹೇಳುತ್ತೇನೆ.

ಮುರುಗೇಶನ ಅಪ್ಪ ಮರುಳಸಿದ್ದಪ್ಪನವರದು ಕಂಪ್ಲಿಯಲ್ಲಿ ಎಣ್ಣೆ ಗಾಣ. ಮಗ ಹೊಸಪೇಟೆಗೆ ಬಂದು ಟಿ.ಬಿ. ಡ್ಯಾಂ ರಸ್ತೆಯಲ್ಲಿ ಅಂಗಡಿ ಇಟ್ಟ. ಮುಂದೆ ಎಣ್ಣೆ, ಬೇಳೆ, ಅರಿಶಿನ. ಹಿಂದಿನ ಎರಡು ಕೋಣೆಯಲ್ಲಿ ಮುಖಕ್ಕೆ ಹಚ್ಚುವ ಕ್ರೀಮು. ಅಳತೆ ಮಾಡಿ ಬೆರೆಸುವವಳು ನಾನು, ಸುನಿತಾ. ಕಾಗದದಲ್ಲಿ ನನ್ನ ಹೆಸರಿನ ಮುಂದೆ ‘ಕೆಮಿಸ್ಟ್’ ಎಂದಿತ್ತು. ಕಾಯಿಸುವುದು, ಕಡೆಯುವುದು, ಡಬ್ಬಿಗೆ ತುಂಬುವುದು ಚೆನ್ನಬಸಮ್ಮನ ಕೆಲಸ. ಆಕೆಗೆ ಅರವತ್ತು ದಾಟಿದೆ. ಗಾಣದ ಕಾಲದಿಂದಲೂ ಆ ಮನೆಯವರ ಹತ್ತಿರವೇ ದುಡಿದವಳು.

ಎಣ್ಣೆ ಮತ್ತು ನೀರು ಎಷ್ಟೇ ಕಡೆದರೂ ಕೈ ಬಿಟ್ಟ ಕೂಡಲೇ ಬೇರೆಯಾಗುತ್ತವೆ. ಅವೆರಡನ್ನೂ ಹಿಡಿದಿಡಲು ನಡುವೆ ಒಂದು ಬೇಕು. ಅದರ ಒಂದು ತುದಿ ನೀರನ್ನು ಹಿಡಿದುಕೊಂಡರೆ ಇನ್ನೊಂದು ತುದಿ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಪುಸ್ತಕದಲ್ಲಿ ಅದಕ್ಕೆ ಎಮಲ್ಸಿಫೈಯರ್ ಎನ್ನುತ್ತಾರೆ. ನಮ್ಮಲ್ಲಿಗೆ ಅದು ಬಿಳಿ ಚಕ್ಕೆಯ ರೂಪದಲ್ಲಿ ಬರುತ್ತಿತ್ತು, ನಾವು ಬರೀ ಮೇಣ ಎನ್ನುತ್ತಿದ್ದೆವು. ನೂರು ಪಾಲು ಕ್ರೀಮಿಗೆ ಐದಾರು ಪಾಲು ಮೇಣ. ಅದೇನು ಎಲ್ಲರಿಗೂ ಒಗ್ಗಿಯೇ ಒಗ್ಗುತ್ತದೆ ಎಂದು ನಾನು ಹೇಳುವುದಿಲ್ಲ. ಸಾವಿರದಲ್ಲಿ ಒಬ್ಬರಿಗೆ ತುರಿಕೆ ಬಂದೀತು. ಅದಕ್ಕೇ ಮೊದಲು ಮೊಣಕೈ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ನೋಡಿ ಎಂದು ಚೀಟಿಯಲ್ಲಿ ಬರೆದಿರುತ್ತಿದ್ದೆ. ಆದರೆ ಅದು ಅಳತೆ ಗೊತ್ತಿರುವ, ಗುಣ ಗೊತ್ತಿರುವ ಪದಾರ್ಥ. ಎರಡು ವರ್ಷದಲ್ಲಿ ಒಬ್ಬರೂ ತಕರಾರು ತಂದಿರಲಿಲ್ಲ.

ಒಂದು ದಿನ ಚೆನ್ನಬಸಮ್ಮ ಕೇಳಿದಳು, “ಸುನಿತಮ್ಮ, ಈ ಮೇಣ ಹಾಕ್ಲಿಲ್ಲಂದ್ರ ಆಗಂಗಿಲ್ಲೇನು?”

ನಾನು ಗ್ಲಾಸಿನಲ್ಲಿ ಎಣ್ಣೆ, ನೀರು ಹಾಕಿ ಅಲ್ಲಾಡಿಸಿ ತೋರಿಸಿದೆ. ಆಕೆ ನೋಡಿ ನಕ್ಕಳು. “ಸುಟ್ಟ ಗಾಯಕ್ಕ ನಾವು ಸುಣ್ಣದ ತಿಳಿ, ಕೊಬ್ರಿ ಎಣ್ಣಿ ಕಡದು ಹಚ್ತೀವಲ್ಲ, ಅದು ಬೆಣ್ಣಿ ಆದಂಗ ಆಗ್ತೈತಿ. ಅದ್ರಾಗೆಲ್ಲಿ ಮೇಣ ಐತಿ?”

ನನಗೆ ಎಷ್ಟು ಖುಷಿಯಾಯಿತೆಂದರೆ ಆಕೆಯ ಬೆನ್ನು ತಟ್ಟಿದೆ. “ಅಲ್ಲಿ ಸುಣ್ಣಾನ ಮೇಣದ ಕೆಲಸ ಮಾಡ್ತೈತಿ, ದೊಡ್ಡಮ್ಮ. ಸುಣ್ಣ, ಎಣ್ಣಿ ಕೂಡಿ ಒಂಥರಾ ಸೋಪು ಆಗ್ತೈತಿ. ಅದು ನೀರನ್ನ ಹಿಡ್ಕಂತೈತಿ. ನೀವೂ ಕೆಮಿಸ್ಟೇ ಬಿಡ್ರಿ!”

ಸುಣ್ಣ ಒಂದು ರಾತ್ರಿ ಕುಳಿತು, ಮೇಲೆ ತಿಳಿ ಬಂದ ಮೇಲೆ ಅದನ್ನು ಮಾತ್ರ ಬಗ್ಗಿಸಿಕೊಳ್ಳಬೇಕು, ಕೆಳಗಿನ ಬಿಳಿಯನ್ನು ಮುಟ್ಟಬಾರದು ಎಂದು ಆಕೆ ಬಿಡಿಸಿ ಹೇಳಿದಳು. ನಾನು ತಲೆಯಾಡಿಸಿದೆ. ಮುರುಗೇಶ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಗಾಯಕ್ಕೆ ಒಂದು ಬೆರಳು ಹಚ್ಚುವುದು ಬೇರೆ, ದಿನಾ ಮುಖಕ್ಕೆ ಬಳಿಯುವುದು ಬೇರೆ ಎಂದು ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಜಾಣತನ ನನಗೇ ಚೆಂದ ಕಂಡಿತ್ತು.

ತಿಂಗಳು ಕಳೆಯಿತು. ಹಂಪಿಯ ಅಂಗಡಿಯೊಂದರಲ್ಲಿ ಯಾರೋ ಪ್ರವಾಸಿ ಹೆಂಗಸು ನಮ್ಮ ಡಬ್ಬಿಯ ಹಿಂದಿನ ಪಟ್ಟಿಯನ್ನು ಫೋನಿಗೆ ಹಿಡಿದು ಓದಿ, ಮುಂದೆ ‘ಕೆಮಿಕಲ್ ಇಲ್ಲ’ ಅಂತಿದೆ, ಹಿಂದೆ ಎಮಲ್ಸಿಫೈಯಿಂಗ್ ವ್ಯಾಕ್ಸ್ ಅಂತಿದೆ, ಇದೆಂಥ ಮೋಸ ಎಂದು ಡಬ್ಬಿಯನ್ನು ಅಲ್ಲೇ ಕುಕ್ಕಿ ಹೋದಳಂತೆ. ಆಕೆಯದು ತಪ್ಪಲ್ಲ. ನಾನಾಗಿದ್ದರೂ ಕುಕ್ಕುತ್ತಿದ್ದೆ. ಮುಂದಿನ ಎರಡು ಪದ ತೆಗೆದುಹಾಕೋಣ ಎಂದೆ ನಾನು. ಹಿಂದಿನ ಎರಡು ಪದ ತೆಗೆಯೋಣ ಎಂದ ಮುರುಗೇಶ್.

“ಪದ ತೆಗದ್ರ ಸಾಕಾ, ಮೇಣಾನೂ ತೆಗೀಬೇಕಲ್ರಿ? ಮೇಣ ತೆಗದ್ರ ಎಣ್ಣಿ ಮ್ಯಾಲ, ನೀರು ಕೆಳಗ. ಏನು ಮಾರ್ತೀರಿ, ಬ್ಯಾಳಿ ಸಾರಾ?” ಎಂದೆ.

ಅವನು ಮುಂದಿನ ಅಂಗಡಿಗೆ ಹೋದ. ನನ್ನ ಮಾತು ಒಪ್ಪಿದ ಎಂದುಕೊಂಡೆ. ಅಕ್ಕನ ಮೊಮ್ಮಗಳ ತೊಟ್ಟಿಲಿಗೆಂದು ಕಂಪ್ಲಿಗೆ ಹೋಗಿ ವಾರ ಪೂರ್ತಿ ಅಲ್ಲೇ ಉಳಿದೆ.

ತಿರುಗಿ ಬಂದ ದಿನ ಬೆಳಿಗ್ಗೆ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಒಳಗೆ ಜೋರು ಮಾತು ಕೇಳಿಸಿತು. ಗಲ್ಲಾದ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಸೆರಗನ್ನು ಮುಖಕ್ಕೆ ಸುತ್ತಿಕೊಂಡಿದ್ದಳು, ಕೈಯಲ್ಲಿ ನಮ್ಮ ಡಬ್ಬಿ. ಹೆಸರು ಪಂಪಾವತಿ, ಸಂಡೂರಿನವಳು. ಅದಿರು ಲಾರಿಗಳು ರಸ್ತೆಗೆ ಚೆಲ್ಲಿದ ಕೆಂಪು ಧೂಳನ್ನು ಗುಡಿಸುವ ಗುತ್ತಿಗೆ ಕೆಲಸ. ಬೆಳಗಿನ ಬಸ್ಸಿಗೆ ಬಂದಿದ್ದಳು.

“ಇದೇ ಅಂಗಡಿ ಹೆಸರು ಐತಲ್ಲ ಡಬ್ಬಿ ಮ್ಯಾಲ? ನಿಮ್ಮ ಹಳೇ ಡಬ್ಬಿ ಎರಡು ಹಚ್ಚೀನಿ, ಚಲೋ ಇತ್ತು. ಅದೇ ಅನ್ಕಂಡು ಇದನ್ನೂ ತಗಂಡ್ನಿ,” ಎಂದು ಸೆರಗು ತೆಗೆದಳು.

ಎರಡೂ ಕೆನ್ನೆ ಕೆಂಪಗೆ ಬೆಂದು ಸಿಪ್ಪೆ ಏಳುತ್ತಿದ್ದವು. ಎಡಗಣ್ಣಿನ ರೆಪ್ಪೆ ಊದಿ ಮುಚ್ಚಿಕೊಂಡಿತ್ತು. ಆ ಕಣ್ಣಿಂದ ನೀರು ಸುರಿಯುತ್ತಲೇ ಇತ್ತು.

ಮುರುಗೇಶ್ ಕುರ್ಚಿಯಿಂದ ಏಳಲೂ ಇಲ್ಲ. “ನಿಮ್ಮ ಸ್ಕಿನ್ನಿಗೆ ಆಗಿ ಬಂದಿಲ್ರಿ, ಅಷ್ಟೇ. ದಿನಾ ಧೂಳಾಗ ಇರ್ತೀರಿ, ಅದರದ್ದೇ ಇರ್ಬೇಕು. ನಮ್ದು ಪೂರಾ ನ್ಯಾಚುರಲ್. ಬೇಕಂದ್ರ ಇನ್ನೊಂದು ಡಬ್ಬಿ ಒಯ್ರಿ.”

ಇನ್ನೊಂದು ಡಬ್ಬಿ ಒಯ್ಯಬೇಕಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಆದರೆ ಬಯ್ಯುವುದಕ್ಕಿಂತ ಮೊದಲು ಮಾಡುವ ಕೆಲಸವಿತ್ತು. ಪಂಪಾವತಿಯ ಕೈ ಹಿಡಿದು ಹಿಂದಿನ ನಲ್ಲಿಗೆ ಕರೆದುಕೊಂಡು ಹೋದೆ. ರೆಪ್ಪೆ ಬಿಡಿಸಿ ಕಾಲು ಗಂಟೆ ಕಣ್ಣಿಗೆ ನೀರು ಬಿಟ್ಟೆ. ಆಕೆ ನೋವಿಗೆ ನನ್ನ ಮೊಣಕೈಯನ್ನು ಉಗುರು ನೆಡುವ ಹಾಗೆ ಹಿಡಿದುಕೊಂಡಿದ್ದಳು. ಚೆನ್ನಬಸಮ್ಮ ಪಕ್ಕದಲ್ಲೇ ನಿಂತು ತಂಬಿಗೆ ತುಂಬಿ ತುಂಬಿ ಕೊಟ್ಟಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಆಮೇಲೆ ಡಬ್ಬಿ ತೆಗೆದು ನೋಡಿದೆ. ಬಿಳಿ, ನುಣುಪು, ನೋಡಲು ಚೆಂದ. ಬೆರಳ ನಡುವೆ ತಿಕ್ಕಿದರೆ ಸಣ್ಣಗೆ ಮರಳು ಮರಳು. ಹಿಂದಿನ ಚೀಟಿ ಹೊಸದು. ‘ಕೊಬ್ಬರಿ ಎಣ್ಣೆ, ಶುದ್ಧ ನೀರು, ಅಜ್ಜಿಯ ಪ್ರೀತಿ’ ಎಂದು ಅಚ್ಚಾಗಿತ್ತು. ಮೊಣಕೈಗೆ ಹಚ್ಚಿ ನೋಡಿ ಎಂಬ ಮಾತನ್ನೂ ತೆಗೆದುಹಾಕಿದ್ದ. ಪ್ರೀತಿಯನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಅಂಗಡಿಯ ಅರಿಶಿನದ ಪೊಟ್ಟಣ ಒಡೆದು, ತಟ್ಟೆಯಲ್ಲಿ ಒಂದು ಚಮಚ ಕ್ರೀಮು ಹಾಕಿ, ಮೇಲೆ ಚಿಟಿಕೆ ಅರಿಶಿನ, ನಾಲ್ಕು ಹನಿ ನೀರು ಹಾಕಿ ತಿಕ್ಕಿದೆ. ಬೇಳೆ ಕೊಳ್ಳಲು ಬಂದಿದ್ದ ಇಬ್ಬರು ಹೆಂಗಸರು ಬಗ್ಗಿ ನೋಡುತ್ತಿದ್ದರು. ಹಳದಿ ಹೋಗಿ ಕೆಂಪಾಯಿತು.

“ಅಯ್ಯ, ಆರತಿ ನೀರು ಆದಂಗ ಆತಲ್ರೀ!” ಎಂದಳು ಒಬ್ಬಳು. “ಸುಣ್ಣ ಐತಿ ಇದ್ರಾಗ.”

ಯಾವ ಪ್ರಯೋಗಾಲಯವೂ ಬೇಕಾಗಲಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆ ಎಂದು ನಮ್ಮ ಕಡೆ ಪ್ರತಿಯೊಂದು ಮನೆಯ ಹೆಂಗಸಿಗೂ ಗೊತ್ತು. ಗೊತ್ತಿಲ್ಲದ ಹಾಗೆ ಕುಳಿತವನು ಮುರುಗೇಶ್ ಒಬ್ಬನೇ.

“ಸುಣ್ಣ ಇದ್ರ ಏನಾತು? ಎಲಿ ಅಡಿಕಿ ಜೊತಿ ತಿನ್ನಂಗಿಲ್ಲೇನ್ರಿ ಜನ?” ಎಂದ.

“ತಿಂತಾರ. ಒಂಚೂರು ಜಾಸ್ತಿ ಆದ್ರ ಬಾಯಿ ಹುಣ್ಣು ಮಾಡ್ಕಂತಾರ. ಇದು ಕಣ್ಣಿನ ಬುಡಾರೀ! ಈಕಿ ಕಣ್ಣು ಹೋದ್ರ ನಿಮ್ಮ ನ್ಯಾಚುರಲ್ ಕಣ್ಣು ಕಿತ್ತು ಕೊಡ್ತೀರೇನು?” ಎಂದು ಕೂಗಿದೆ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ನೋಡಲಿ ಎಂದೇ ಕೂಗಿದ್ದೆ.

ಆಟೋ ಹಿಡಿದು ಪಂಪಾವತಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿನ ಕಪ್ಪು ಭಾಗದ ಮೇಲೆ ಗಾಯವಾಗಿದೆ, ದೃಷ್ಟಿ ಉಳಿಯುತ್ತದೆ ಎಂದು ಕಾಣುತ್ತದೆ, ಆದರೆ ವಾರ ಕಳೆಯದೆ ಖಾತ್ರಿ ಹೇಳಲಾರೆ ಎಂದರು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಎಷ್ಟು ಸುಣ್ಣ ಹಾಕಿದ್ದಾರೆ?” ಎಂದು ಕೇಳಿದರು.

“ಗೊತ್ತಿಲ್ಲ ಸರ್.”

“ನೀವು ಅಲ್ಲಿ ಏನು ಕೆಲಸ ಮಾಡ್ತೀರಿ?”

ಕೆಮಿಸ್ಟ್ ಎಂದೆ. ಅವರು ಔಷಧಿ ಬರೆಯತೊಡಗಿದರು. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಪಂಪಾವತಿಯನ್ನು ಸಂಡೂರಿನ ಬಸ್ಸಿಗೆ ಹತ್ತಿಸುವಾಗ, “ಅಕ್ಕಾರ, ನಮ್ಮ ಕೂಡ ಕಸ ಹೊಡಿಯೋರು ಇನ್ನಾ ನಾಕು ಮಂದಿ ಇದನ್ನ ತಗಂಡಾರ,” ಎಂದಳು. ಅವರಿಗೆ ಮುಟ್ಟಬೇಡಿ ಎಂದು ಹೇಳಲು ಹೇಳಿದೆ. ಆ ನಾಲ್ಕು ಮಂದಿಗೇನೋ ಈಕೆ ಹೇಳುತ್ತಾಳೆ. ಉಳಿದವರಿಗೆ ಯಾರು ಹೇಳಬೇಕು? ಎಷ್ಟು ಡಬ್ಬಿ, ಎಲ್ಲೆಲ್ಲಿಗೆ ಹೋಗಿವೆ? ಅದೊಂದೇ ತಲೆಯಲ್ಲಿ ಇಟ್ಟುಕೊಂಡು ಅಂಗಡಿಗೆ ವಾಪಸ್ಸು ಬಂದೆ.

ಚೆನ್ನಬಸಮ್ಮ ಹಿಂದಿನ ಕೋಣೆಯಲ್ಲಿ ಹಂಡೆ ತಿಕ್ಕುತ್ತಿದ್ದಳು. “ಏನಾತು ಹೇಳ್ರಿ ದೊಡ್ಡಮ್ಮ,” ಎಂದು ಎದುರಿಗೆ ಕುಕ್ಕರಗಾಲಲ್ಲಿ ಕುಳಿತೆ. ಆಕೆ ಕೈ ನಿಲ್ಲಿಸದೆ ಹೇಳಿದಳು.

ನಾನು ಕಂಪ್ಲಿಗೆ ಹೋದ ಮರುದಿನವೇ ಮುರುಗೇಶ್ ಗೋಡೆಗೆ ಬಳಿಯುವ ಸುಣ್ಣದ ಚೀಲ ತಂದನಂತೆ. ಹಂಡೆಯಲ್ಲಿ ಕಲಸಿದರಂತೆ. ರಾತ್ರಿ ಕುಂದ್ರಲಿ, ತಿಳಿ ಬರಲಿ ಎಂದಳಂತೆ ಈಕೆ. ನಾಳೆ ಬೆಳಿಗ್ಗೆಯೇ ಹಂಪಿಗೆ ಕೊಡಬೇಕು, ತಿಳಿಗಿಂತ ಹಾಲಿನ ಹಾಗಿದ್ದರೆ ಕ್ರೀಮು ಇನ್ನೂ ಗಟ್ಟಿ ಬರುತ್ತದೆ ಎಂದು ಅವನೇ ಚೊಂಬಿನಲ್ಲಿ ಮೊಗೆದು ಎಣ್ಣೆಗೆ ಸುರಿದನಂತೆ. ಗಟ್ಟಿ ಬಂತಂತೆ. ಬರದೆ ಏನು? ಸುಣ್ಣವನ್ನೇ ತುಂಬಿದರೆ ಗೋಡೆಯೂ ಗಟ್ಟಿಯಾಗುತ್ತದೆ.

“ಎಷ್ಟು ಡಬ್ಬಿ?”

“ನೂರಿಪ್ಪತ್ತು. ಹಂಪಿಗಿ ಹೆಚ್ಚು, ಮಿಕ್ಕಿದ್ದು ಸಂಡೂರಿಗಿ.”

ಅಷ್ಟರಲ್ಲಿ ಮುರುಗೇಶ್ ಒಳಗೆ ಬಂದ. ಒಂದು ಕೈಯಲ್ಲಿ ಟೈಪು ಮಾಡಿಸಿದ ಹಾಳೆ, ಇನ್ನೊಂದು ಕೈಯಲ್ಲಿ ಹೆಬ್ಬೆಟ್ಟಿನ ಮಸಿ ಡಬ್ಬಿ. ಪಂಪಾವತಿಯ ಕಣ್ಣು ಏನಾಯಿತು ಎಂದು ಕೇಳಿಯಾನು ಎಂದು ಕಾದೆ. ಕೇಳಲಿಲ್ಲ.

“ನಾಳೆ ಯಾರಾರ ಕೇಳಾಕ ಬಂದ್ರ ನಮ್ಮ ಹತ್ರ ಒಂದು ಕಾಗದ ಇರ್ಲಿ ಮೇಡಂ. ಕೆಮಿಸ್ಟ್ ಅಂತ ನೀವೊಂದು ಸೈನ್ ಮಾಡ್ರಿ,” ಎಂದು ಹಾಳೆಯನ್ನು ನನ್ನ ಮುಂದೆ ಹಿಡಿದ.

ಓದಿದೆ. ‘ನಮ್ಮಲ್ಲಿ ಕೂಲಿ ಮಾಡುವ ಚೆನ್ನಬಸಮ್ಮ ಎಂಬಾಕೆಯು ಅನಕ್ಷರಸ್ಥೆಯಾಗಿದ್ದು, ಏನೂ ತಿಳಿಯದೆ, ಯಾರನ್ನೂ ಕೇಳದೆ ಒಂದು ಡಬ್ಬಿಗೆ ಸುಣ್ಣ ಬೆರೆಸಿರುತ್ತಾಳೆ. ಉಳಿದ ಡಬ್ಬಿಗಳನ್ನು ಪರೀಕ್ಷಿಸಲಾಗಿದ್ದು ಯಾವುದೇ ತೊಂದರೆ ಇರುವುದಿಲ್ಲ.’

ಒಂದು ಡಬ್ಬಿಯಂತೆ! ಪರೀಕ್ಷಿಸಲಾಗಿದೆಯಂತೆ! ಇದಕ್ಕೆ ನಾನು ಸಹಿ ಮಾಡಿದರೆ ನೂರ ಹತ್ತೊಂಬತ್ತು ಡಬ್ಬಿ ಕೊಂಡವರ ಮನೆಗಳಲ್ಲಿ, ಅಂಗಡಿಯ ಕಪಾಟುಗಳಲ್ಲಿ ಹಾಗೇ ಕುಳಿತಿರುತ್ತವೆ. ಒಬ್ಬೊಬ್ಬರಾಗಿ ಕೊಂಡು, ಕಣ್ಣಿನ ಸುತ್ತ ಮೆಲ್ಲಗೆ ತಿಕ್ಕಿಕೊಳ್ಳುತ್ತಾರೆ.

“ಅಷ್ಟೂ ಡಬ್ಬಿ ಇವತ್ತೇ ವಾಪಸ್ ತರಿಸ್ರಿ,” ಎಂದೆ.

“ತಲಿ ಕೆಟ್ಟೈತೇನ್ರಿ? ಒಂದು ಸಲ ವಾಪಸ್ ತಂದ್ರ ಹಂಪ್ಯಾಗ ನಮ್ಮ ಡಬ್ಬಿ ಯಾರೂ ಮುಟ್ಟಂಗಿಲ್ಲ. ಆ ಹೆಂಗಸಿಂದು ಏನೈತಿ ಖರ್ಚು, ನಾ ನೋಡ್ಕಂತೀನಿ. ಚೆನ್ನಬಸಮ್ಮಗೂ ಏನೂ ಆಗಂಗಿಲ್ಲ. ವಯಸ್ಸಾದಾಕಿ, ಓದು ಬರದಾಕಿ, ಯಾರು ಏನಂತಾರ?”

ನನಗೆ ಆಗ ಬಂದ ಸಿಟ್ಟಿಗೆ ಹೆಸರಿಲ್ಲ. ಹಂಡೆ ಎತ್ತಿ ಅವನ ಮೇಲೆ ಹಾಕಿಬಿಡೋಣ ಅನ್ನಿಸಿತು. ತಪ್ಪು ಮಾಡಿದ್ದಕ್ಕಲ್ಲ, ತಪ್ಪು ಯಾರಾದರೂ ಮಾಡುತ್ತಾರೆ, ನಾನೂ ಮಾಡಿದ್ದೆ. ಹೊರಿಸುವುದಕ್ಕೆ ಬಗ್ಗಿದ ಬೆನ್ನೊಂದನ್ನು ಹುಡುಕಿಕೊಂಡು ಬಂದನಲ್ಲ, ಅದಕ್ಕೆ. ಅದೂ ಆಕೆಯ ಎದುರಿಗೇ ನಿಂತು, ಆಕೆಗೆ ಕಿವಿಯೇ ಇಲ್ಲವೆಂಬಂತೆ ಮಾತಾಡಿದನಲ್ಲ, ಅದಕ್ಕೆ.

ಅವನ ಹಾಳೆಯನ್ನು ಅವನ ಕೈಗೇ ಕೊಟ್ಟೆ. ಫೋನ್ ತೆಗೆದು ಹಂಪಿಯ ಮೊದಲ ಅಂಗಡಿಗೆ ಹಚ್ಚಿದೆ. ಡಬ್ಬಿ ಕಟ್ಟಿದ ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯುವವಳು ನಾನೇ ಆದ್ದರಿಂದ ಎಲ್ಲರ ನಂಬರೂ ನನ್ನ ಹತ್ತಿರ ಇತ್ತು. “ಈ ಸಲ ಬಂದ ಡಬ್ಬಿ ಒಂದೂ ಮಾರಬ್ಯಾಡ್ರಿ. ಅದ್ರಾಗ ಸುಣ್ಣ ಐತಿ. ಒಬ್ಬಾಕಿ ಕಣ್ಣಿಗಿ ಗಾಯ ಆಗೈತಿ. ಮಾರಿದ್ದು ಯಾರಿಗಂತ ಗೊತ್ತಿದ್ರ ಅವ್ರಿಗೂ ಹೇಳ್ರಿ,” ಎಂದೆ. ಎರಡನೇ ಅಂಗಡಿಗೂ ಹಾಗೇ ಹೇಳಿದೆ.

“ನಿಮ್ಮನ್ನ ಕೆಲಸದಿಂದ ತೆಗೀತೀನಿ!” ಎಂದು ಮುರುಗೇಶ್ ಚೀರಿದ.

“ತೆಗೀರಿ. ತೆಗದಿದ್ದಕ್ಕೂ ಒಂದು ಕಾಗದ ಟೈಪ್ ಮಾಡಿಸ್ರಿ,” ಎಂದು ಮೂರನೆಯದಕ್ಕೆ ಹಚ್ಚಿದೆ.

ಅವನು ಮಸಿ ಡಬ್ಬಿಯನ್ನು ಸ್ಟೂಲಿನ ಮೇಲೆ ಕುಕ್ಕಿ, ಅಪ್ಪನಿಗೆ ಫೋನ್ ಮಾಡುತ್ತೇನೆಂದು ಮುಂದಿನ ಅಂಗಡಿಗೆ ಹೋದ. ನಾನು ಬಿಳಿ ಹಾಳೆ ತೆಗೆದುಕೊಂಡು ಔಷಧ ನಿಯಂತ್ರಣದ ಅಧಿಕಾರಿಗಳಿಗೆ ದೂರು ಬರೆಯಲು ಕುಳಿತೆ. ಮೊದಲು ನನ್ನ ಹೆಸರು. ‘ಕೆಮಿಕಲ್ ಇಲ್ಲ’ ಎಂಬ ಸುಳ್ಳು ಬರೆದವಳು ನಾನು, ಸುಣ್ಣ ಮೇಣದ ಕೆಲಸ ಮಾಡುತ್ತದೆ ಎಂದು ಅರ್ಧ ಮಾತು ಹೇಳಿ ಅರ್ಧ ನುಂಗಿದವಳು ನಾನು. ಎರಡನೆಯದು ಮುರುಗೇಶನ ಹೆಸರು. ಸುಣ್ಣ ತಂದವನು, ತಿಳಿ ಬರುವ ಮೊದಲೇ ಸುರಿದವನು, ಅದನ್ನು ಮುಚ್ಚಿಟ್ಟು ಮಾರಿದವನು. ಬರೆಯುತ್ತ ಹೋದ ಹಾಗೆ ಎದೆ ಹಗುರಾಯಿತು. ನಿಜ ಹೇಳುತ್ತೇನೆ, ನಾನು ಬಹಳ ದೊಡ್ಡ ಮನುಷ್ಯಳು ಎಂದೂ ಅನ್ನಿಸಿತು.

ಚೆನ್ನಬಸಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಹತ್ತಿರ ಬಂದಳು. “ಓದು.”

ಓದಿದೆ. ಆಕೆ ಕಡೆಯತನಕ ಕೇಳಿದಳು.

“ನನ್ನ ಹೆಸರು ಎಲ್ಲೈತಿ?”

“ನಿಮ್ಮದು ಬ್ಯಾಡ ದೊಡ್ಡಮ್ಮ. ನಾನಿಲ್ಲೇನು? ನಿಮಗೇನು ಗೊತ್ತಿತ್ತು ಪಾಪ.”

ಆಕೆಯ ಮುಖ ಕೆಂಪಾಯಿತು. ಎರಡು ವರ್ಷದಲ್ಲಿ ಆಕೆ ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ.

“ಏನು ಗೊತ್ತಿತ್ತಾ? ಅವನ ಹಾಳ್ಯಾಗೂ ನಾ ಏನೂ ತಿಳೀದಾಕಿ, ನಿನ್ನ ಹಾಳ್ಯಾಗೂ ನಾ ಏನೂ ತಿಳೀದಾಕಿ! ಸುಣ್ಣದ ಕತಿ ನಿನಗ ಹೇಳಿದಾಕಿ ಯಾರು? ತಿಳಿ ಬಂದಿಲ್ಲಂತ ಈ ಮನ್ಯಾಗ ಗೊತ್ತಿದ್ದದ್ದು ನನಗೊಬ್ಬಾಕಿಗೇ. ಬ್ಯಾಡಂತ ಒಂದು ಸಲ ಅಂದ್ನಿ, ಎರಡು ಸಲ ಅಂದ್ನಿ. ಮೂರ್ನೇ ಸಲ ಕೆಲಸ ಹೋಗ್ತೈತಂತ ಬಾಯಿ ಮುಚ್ಕಂಡು ಕಡದ್ನಿ. ಗೊತ್ತಿದ್ದೂ ಕಡದ್ನಿ. ಆ ಹೆಣಮಗಳ ಕಣ್ಣಿಗಿ ನಾನೇ ತಂಬಿಗಿ ನೀರು ಹಿಡದ್ನಲ್ಲ, ನನ್ನ ಹೊಟ್ಟ್ಯಾಗ ಏನಾಗಿರ್ಬೇಕು? ಪಾಪ ಅಂತೀಯಾ ನನಗ? ಬರಿ ಅದನ್ನ. ಚೆನ್ನಬಸಮ್ಮಗ ಗೊತ್ತಿತ್ತು ಅಂತ ಬರಿ.”

ಮುರುಗೇಶನನ್ನು ಬಯ್ಯಲು ಎಷ್ಟು ಮಾತಿತ್ತು ನನ್ನಲ್ಲಿ! ಅವನು ಮಾಡಿದ್ದನ್ನೇ ನಾನು ಕನಿಕರದ ಹೆಸರಲ್ಲಿ ಮಾಡಿದ್ದೆ. ಆಕೆಯ ಅರವತ್ತು ವರ್ಷದ ತಿಳುವಳಿಕೆಯನ್ನು ಒಂದೇ ಏಟಿಗೆ ಹೊಡೆದುಹಾಕಿದ್ದೆ.

ಆಕೆ ಹೇಳಿದ ಹಾಗೇ ಬರೆದೆ, ಒಂದು ಮಾತೂ ಬಿಡಲಿಲ್ಲ. ಬರೆದದ್ದನ್ನು ಮತ್ತೆ ಓದಿಸಿಕೊಂಡಳು. ಮಸಿ ಡಬ್ಬಿಯನ್ನು ಆಕೆಯ ಕಡೆ ಸರಿಸಿದೆ, ಅಭ್ಯಾಸಬಲದಿಂದ. ಆಕೆ ಅದನ್ನು ಮೊಣಕೈಯಿಂದ ಆಚೆ ದೂಡಿ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಸ್ಟೂಲಿನ ಮೇಲೆ ಬಗ್ಗಿ, ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ಬರೆದಳು. ಒತ್ತಕ್ಷರ ಕೂಡ ಸರಿಯಾಗಿತ್ತು. ಆಕೆಗೆ ಹೆಸರು ಬರೆಯಲು ಬರುತ್ತದೆಯೇ ಎಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಬರೆದು ಮುಗಿಸಿ ಪೆನ್ನನ್ನು ನನಗೆ ಕೊಟ್ಟಳು.

“ಇನ್ನ ಸಂಡೂರಿಗಿ ಫೋನ್ ಹಚ್ಚು,” ಎಂದಳು.